ಸೋತ ತೋಳಿನ ಅಳತೆ

ದೋಣಿಯ ಇಂಜಿನ್ನಿನ ಹಗ್ಗ ಎಳೆಯಲು ನನ್ನ ಹೆಂಡತಿಗೆ ಆಗಲಿಲ್ಲ. ಮೂರು ಸಲ ಎಳೆದಳು, ಮೂರೂ ಸಲ ತೋಳು ಅರ್ಧಕ್ಕೇ ನಿಂತಿತು. ಕೊನೆಗೆ ಬಲಗೈಯನ್ನು ಮಡಿಲಿಗೆ ಇಳಿಸಿಕೊಂಡು, "ಇದು ನನ್ನ ಕಡಿಂದ ಆಗೂದಿಲ್ರಿ" ಅಂದಳು. ಬಲಭುಜ ಹಿಡಿದುಕೊಂಡು ಆಗಲೇ ಎರಡು ವರ್ಷವಾಗಿತ್ತು. ಫಿಜಿಯೋಥೆರಪಿಯಿಂದ ತಾನೇ ಜಡೆ ಹಾಕಿಕೊಳ್ಳುವಷ್ಟು ಸುಧಾರಿಸಿತ್ತು, ಇಂಜಿನ್ನಿನ ಹಗ್ಗ ಜಗ್ಗುವಷ್ಟು ಸುಧಾರಿಸಿರಲಿಲ್ಲ.

ಅಂದು ಅಪಾಯವೇನೂ ಇರಲಿಲ್ಲ. ಭಿಗವಣದ ಹತ್ತಿರ, ಉಜನಿ ಜಲಾಶಯದ ಹಿನ್ನೀರಿನಲ್ಲಿ, ದಂಡೆಯಿಂದ ಐವತ್ತು ಮಾರು ದೂರದಲ್ಲಿದ್ದೆವು. ಅವಳಿಗೆ ಕಲಿಸೋಣ ಅಂತ ನಾನೇ ಇಂಜಿನ್ ಆರಿಸಿದ್ದೆ. ಹಗ್ಗ ಎಳೆದೆ, ಇಂಜಿನ್ ಹೊತ್ತಿತು, ದಂಡೆಗೆ ಬಂದೆವು. ರಾತ್ರಿ ಪುಣೆಯ ಮನೆಯಲ್ಲಿ ಮಲಗಿದ ಮೇಲೆ ನಿದ್ದೆ ಬರಲಿಲ್ಲ. ನನಗೆ ಅರವತ್ತೆಂಟು. ಬಿ.ಪಿ. ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಎರಡೂ ನಡೆಯುತ್ತಿವೆ. ಆ ಐವತ್ತು ಮಾರು ಎರಡು ಮೈಲಿಯಾಗಿದ್ದು, ನಾನು ಎದೆ ಹಿಡಿದುಕೊಂಡು ದೋಣಿಯ ತಳದಲ್ಲಿ ಬಿದ್ದಿದ್ದರೆ? ಬಿದ್ದ ಗಂಡ, ಹೊತ್ತದ ಇಂಜಿನ್, ಎತ್ತಲಾಗದ ತೋಳು. ವರ್ಷಗಳಿಂದ ನಮ್ಮದು ಸುರಕ್ಷಿತ ದೋಣಿ ಅಂತ ನಾನು ನಂಬಿಕೊಂಡಿದ್ದೆ. ಅದು ನನ್ನೊಬ್ಬನ ಮಟ್ಟಿಗೆ ಸುರಕ್ಷಿತವಾಗಿತ್ತು, ಅದೂ ನಾನು ಗಟ್ಟಿಯಾಗಿರುವವರೆಗೆ.

ಪುಣೆಯವರಿಗೆ ದೋಣಿಯ ನಂಟು ಹಳೆಯದು. ರಾಯಲ್ ಕನಾಟ್ ಬೋಟ್ ಕ್ಲಬ್ ಶುರುವಾದದ್ದು 1868ರಲ್ಲಿ. ಅದರಿಂದಲೇ ಊರಿನ ಒಂದು ರಸ್ತೆಗೆ ಬೋಟ್ ಕ್ಲಬ್ ರೋಡ್ ಅಂತ ಹೆಸರು. ಇಂಜಿನಿಯರಿಂಗ್ ಕಾಲೇಜಿನ ಬೋಟ್ ಕ್ಲಬ್ 1928ರದು; ಅಲ್ಲಿನ ಹುಡುಗರು ನಡೆಸುವ ರೆಗಾಟಾ ನೋಡಲು ಈಗಲೂ ನದಿದಂಡೆಯಲ್ಲಿ ಜನ ಸೇರುತ್ತಾರೆ. ಖಡಕ್‌ವಾಸ್ಲಾದ ನೀರಿನ ಮೇಲೆ ಎನ್‌ಡಿಎ ಕೆಡೆಟ್‌ಗಳು ಹಾಯಿದೋಣಿ ಕಲಿಯುತ್ತಾರೆ. ನಾನು ಭೋಸರಿಯ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಮೂವತ್ತೈದು ವರ್ಷ ಸ್ಪ್ಯಾನರ್ ಹಿಡಿದವನು. ದೋಣಿಯ ನಂಟು ನನ್ನ ಕಡೆಯಿಂದ ಬಂದದ್ದಲ್ಲ, ಹೆಂಡತಿಯ ಕಡೆಯಿಂದ. ಅವಳ ತವರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯಲ್ಲಿ. ಊರಿಗೆ ಸೇತುವೆ ಬರುವ ಮುಂಚೆ ಅಂಬಿಗರ ಹರಗೋಲಿನಲ್ಲಿ ಕೂತು ಆಚೆ ದಂಡೆಯ ಸಾಲಿಗೆ ಹೋಗಿಬಂದವಳು. ಹರಗೋಲಿನಲ್ಲಿ ಎದ್ದು ನಿಲ್ಲಬಾರದು, ನಡುವೆ ಕುಕ್ಕರಗಾಲಲ್ಲಿ ಕೂಡಬೇಕು ಎಂಬುದು ಅವಳಿಗೆ ಏಳನೇ ವಯಸ್ಸಿಗೇ ಗೊತ್ತು. ನಾನು ಅದನ್ನು ಐವತ್ತೆಂಟಕ್ಕೆ ಕಲಿತೆ.

ನಿವೃತ್ತಿಯಾದ ವರ್ಷ ಇಬ್ಬರೂ ರಾಜಹಂಸಗಳನ್ನು ನೋಡಲು ಭಿಗವಣಕ್ಕೆ ಹೋದೆವು. ಪುಣೆಯಿಂದ ಸೋಲಾಪುರ ರಸ್ತೆಯಲ್ಲಿ ನೂರು ಕಿಲೋಮೀಟರ್ ಆಸುಪಾಸು. ಚಳಿಗಾಲದಲ್ಲಿ ಕುಂಭಾರಗಾಂವದ ಮೀನುಗಾರರು ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು, ಬಿದಿರಿನ ಗಳ ಊರುತ್ತ ಹಕ್ಕಿಗಳ ಹತ್ತಿರಕ್ಕೆ ಒಯ್ಯುತ್ತಾರೆ. ಗುಲಾಬಿ ಬಣ್ಣದ ಸಾವಿರಾರು ಕಾಲುಗಳು ಕೆಸರಿನಲ್ಲಿ ನಿಂತಿದ್ದವು. ನನ್ನವಳು ಮಾತ್ರ ನೀರನ್ನೇ ನೋಡುತ್ತಿದ್ದಳು. "ಇದು ನಮ್ಮೂರಿಗೆ ಹೋಗೂ ನೀರಲ್ಲೇನ್ರಿ?" ಅಂದಳು. ಹೌದು. ಪುಣೆಯ ನಡುವೆ ಕೂಡುವ ಮುಳಾ-ಮುಠಾ ಮುಂದೆ ಭೀಮೆಗೆ ಸೇರುತ್ತದೆ. ಭೀಮೆ ಉಜನಿಯಲ್ಲಿ ನಿಂತು, ಪಂಢರಪುರ ದಾಟಿ, ವಿಜಯಪುರ-ಕಲಬುರಗಿ ಸೀಮೆಗೆ ಬಂದು, ಗಾಣಗಾಪುರದ ಪಕ್ಕ ಹರಿದು, ರಾಯಚೂರಿನ ಕಡೆ ಕೃಷ್ಣೆಯಲ್ಲಿ ಕೂಡುತ್ತಾಳೆ. ನಾವು ಪುಣೆಯಲ್ಲಿ ಪಾತ್ರೆ ತೊಳೆದ ನೀರೂ ಇದೇ ದಾರಿ ಹಿಡಿಯುತ್ತದೆ. ಅಂದಿನಿಂದ ಆ ಹಿನ್ನೀರಿನ ಜೊತೆ ನಮ್ಮದು ಬೀಗತನ.

ಮುಂದಿನ ವರ್ಷ ಅಲ್ಲಿನ ಒಂದು ಮೀನುಗಾರರ ಮನೆಯವರ ಜೊತೆ ಸೇರಿ, ಪಾಲುದಾರಿಕೆಯಲ್ಲಿ ಹದಿನಾಲ್ಕು ಅಡಿಯ ಫೈಬರ್ ದೋಣಿ ಮಾಡಿಸಿದೆವು. ವಾರವೆಲ್ಲ ಅವರ ಬಲೆಗೆ, ತಿಂಗಳಿಗೆರಡು ಸಲ ನಮಗೆ. ದೋಣಿಯ ಹೆಸರು, ಪರವಾನಗಿ ಎಲ್ಲ ಅವರದು. ಅವರ ಹುಡುಗ ನಮ್ಮನ್ನು ಕಾಕಾ, ಕಾಕು ಅನ್ನುತ್ತಾನೆ. ದೋಣಿಗೆ ಅವನು ಹೋಡಿ ಅನ್ನುತ್ತಾನೆ, ಹುಟ್ಟಿಗೆ ವಲ್ಹೆ. ನಾವಿಬ್ಬರೂ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ಎಂಟು ಹತ್ತು ಕಿಲೋಮೀಟರ್ ದಂಡೆಗುಂಟ ಹೋಗಿ, ಜಾಲಿ ನೆರಳಲ್ಲಿ ಲಂಗರು ಹಾಕಿ, ಜೋಳದ ರೊಟ್ಟಿ ಉಂಡು, ಬಿಸಿಲು ಇಳಿಯುವ ಮುಂಚೆ ವಾಪಸ್. ನಮ್ಮ ವಿಹಾರ ಇಷ್ಟೇ. ಇಷ್ಟಕ್ಕೇ ಹತ್ತು ವರ್ಷ ಸಾಲಲಿಲ್ಲ.

ಬಿಸಿಲು ಇಳಿಯುವ ಮುಂಚೆ ಅಂತ ಬರೆದೆನಲ್ಲ, ಅದಕ್ಕೆ ಕಾರಣವಿದೆ. ಉಜನಿ ಚಿಕ್ಕ ಕೆರೆಯಲ್ಲ. 1980ರಲ್ಲಿ ಮುಗಿದ ಅಣೆಕಟ್ಟು, ತುಂಬಿದಾಗ ಸುಮಾರು 117 ಟಿಎಂಸಿ ನೀರು. ಬಯಲುಸೀಮೆಯ ಗಾಳಿಗೆ ಅಡ್ಡ ಬರುವ ಗುಡ್ಡವಿಲ್ಲ. ಏಪ್ರಿಲ್-ಮೇ ಸಂಜೆ ಒಮ್ಮೆಲೆ ಮೋಡ ಕಟ್ಟಿ ಅಡ್ಡಮಳೆ ಬೀಸಿತೆಂದರೆ, ಹತ್ತು ನಿಮಿಷದಲ್ಲಿ ಕನ್ನಡಿಯಂಥ ನೀರು ಮೊಳಕಾಲೆತ್ತರದ ಅಲೆಯಾಗಿ ಏಳುತ್ತದೆ. 2024ರ ಮೇ 21ರ ಸಂಜೆ ಕುಗಾಂವದಿಂದ ಕಳಾಶಿಗೆ ಜನರನ್ನು ದಾಟಿಸುತ್ತಿದ್ದ ದೋಣಿ ಇಂಥದೇ ಗಾಳಿಗೆ ಸಿಕ್ಕು ಮಗುಚಿತು. ಆರು ಜನ ತೀರಿಕೊಂಡರು, ಅವರಲ್ಲಿ ಎಳೆಯ ಮಕ್ಕಳೂ ಇದ್ದರು. ಒಬ್ಬರು ಈಜಿ ದಡ ಸೇರಿದರು. ಅದು ನಾವು ಹೋಗುವ ನೀರೇ. ಆ ಸುದ್ದಿ ಓದಿದ ದಿನ ನನ್ನವಳು ದೇವರ ಮುಂದೆ ಆರು ದೀಪ ಹಚ್ಚಿದಳು. ಮಾರ್ಚ್ ದಾಟಿದ ಮೇಲೆ ಮಧ್ಯಾಹ್ನದ ನಂತರ ನಾವು ನೀರಿಗಿಳಿಯುವುದಿಲ್ಲ. ಇದಕ್ಕೆ ವಿನಾಯಿತಿ ಇಲ್ಲ, ನೆಂಟರು ಬಂದಿದ್ದರೂ ಇಲ್ಲ.

ಭುಜದ ವಿಷಯಕ್ಕೆ ಬರುತ್ತೇನೆ. ಆ ರಾತ್ರಿ ನಿದ್ದೆಗೆಟ್ಟ ಮೇಲೆ ನಾನು ದೋಣಿಯನ್ನು ಹೊಸದಾಗಿ ನೋಡತೊಡಗಿದೆ. ಒಂದೊಂದು ವಸ್ತುವನ್ನೂ ಮುಟ್ಟಿ ಕೇಳಿಕೊಂಡೆ: ಇದನ್ನು ಅವಳು ಎತ್ತಬಲ್ಲಳೇ, ತಿರುಗಿಸಬಲ್ಲಳೇ, ಬಿಚ್ಚಬಲ್ಲಳೇ? ಲಂಗರು ಎಂಟು ಕಿಲೋ, ಎತ್ತಲಾರಳು. ಪೆಟ್ರೋಲ್ ಡಬ್ಬಿಯ ಮುಚ್ಚಳವನ್ನು ನಾನು ಇಕ್ಕಳ ಹಾಕಿ ಬಿಗಿಯುತ್ತಿದ್ದೆ, ತೆಗೆಯಲಾರಳು. ಹುಟ್ಟುಗಳು ಒಂಬತ್ತು ಅಡಿಯವು, ಅವಳ ತೋಳಿಗೆ ಉದ್ದ. ದೋಣಿಯಲ್ಲಿದ್ದದ್ದೆಲ್ಲ ನನ್ನ ಅಳತೆಯದು. ನಲವತ್ತು ವರ್ಷ ಸಂಸಾರ ಮಾಡಿದವಳು ಅದರಲ್ಲಿ ಬರೀ ಪ್ರಯಾಣಿಕಳಾಗಿ ಕೂತಿದ್ದಳು.

ಎಲ್ಲ ಬದಲಾಯಿಸಿದೆವು. ಪೆಟ್ರೋಲ್ ಇಂಜಿನ್ನನ್ನು ಮೀನುಗಾರರ ಹುಡುಗನಿಗೆ ಬಿಟ್ಟುಕೊಟ್ಟು, ನಮ್ಮ ದಿನಗಳಿಗೆ ವಿದ್ಯುತ್ ಮೋಟಾರು ತಂದೆವು. ಹಗ್ಗ ಎಳೆಯುವ ಮಾತಿಲ್ಲ, ಹಿಡಿ ತಿರುವಿದರೆ ಹೊರಡುತ್ತದೆ. ಅದಕ್ಕೆ ನೂರು ಆಂಪಿಯರ್-ಅವರಿನ ಸೀಸದ ಬ್ಯಾಟರಿ ಮೂವತ್ತು ಕಿಲೋ ಹತ್ತಿರ ತೂಗುತ್ತದೆ, ಲಿಥಿಯಂನದು ಹನ್ನೆರಡು-ಹದಿಮೂರು. ದುಡ್ಡು ಹೆಚ್ಚಾದರೂ ಲಿಥಿಯಂನದೇ ತಂದೆ, ಯಾಕೆಂದರೆ ಅದನ್ನು ಅವಳು ಎಡಗೈಯಲ್ಲಿ ಎತ್ತಿಡಬಲ್ಲಳು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿದೆ. ತಂತಿ ಎಲ್ಲಾದರೂ ಸವೆದು ತಾಗಿದರೆ ದೋಣಿಯಲ್ಲಿ ಬೆಂಕಿ ಬೇಡ. ಹುಟ್ಟುಗಳನ್ನು ಏಳಡಿಗೆ ಕೊಯ್ಸಿದೆ. ಲಂಗರು ನಾಲ್ಕು ಕಿಲೋದ್ದು, ಅದರ ಬುಡಕ್ಕೆ ಎರಡು ಮಾರು ಸರಪಳಿ. ಹಗುರ ಲಂಗರು ತಳದ ಕೆಸರನ್ನು ಕಚ್ಚಬೇಕಾದರೆ ಸರಪಳಿ ಬೇಕು. ಬಿಟ್ಟ ಹಗ್ಗವೂ ಆಳದ ಐದಾರು ಪಟ್ಟು ಇರಬೇಕು. ಇಬ್ಬರಲ್ಲಿ ಯಾರ ತೋಳು ಸೋತಿದೆಯೋ ಆ ತೋಳಿನ ಅಳತೆಗೆ ದೋಣಿ ಇರಬೇಕು ಎಂಬುದು ಅಂದಿನಿಂದ ನಮ್ಮ ಲೆಕ್ಕ.

ಜಾಕೆಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರವಾಸಿ ದೋಣಿಗಳಲ್ಲಿ ಕೊಡುವ ತೆಳು ಜಾಕೆಟ್ ಈಜು ಬಲ್ಲವನಿಗೆ ತೇಲಲು ನೆರವಾಗುತ್ತದೆ, ಅಷ್ಟೇ. ಎಚ್ಚರ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸಿ ಹಿಡಿಯಬೇಕಾದರೆ ಕುತ್ತಿಗೆಯ ಸುತ್ತ ದಪ್ಪ ಕಾಲರಿರುವ, ನೂರು ನ್ಯೂಟನ್ ಅಥವಾ ಮೇಲಿನ ಜಾಕೆಟ್ ಬೇಕು. ನಮ್ಮ ವಯಸ್ಸಿನವರು ನೀರಿಗೆ ಬೀಳುವುದೇ ತಲೆ ಸುತ್ತಿ. ಆದ್ದರಿಂದ ನಮಗೆ ಎರಡನೆಯದೇ ಸರಿ. ಹಾಕಿಕೊಂಡ ಮೇಲೆ ಹೆಗಲಿನ ಪಟ್ಟಿ ಹಿಡಿದು ಇನ್ನೊಬ್ಬರು ಮೇಲಕ್ಕೆ ಎತ್ತಿ ನೋಡಬೇಕು. ಜಾಕೆಟ್ ಕಿವಿಯವರೆಗೆ ಏರಿದರೆ ಅದು ಸಡಿಲ. ನೀರಿನಲ್ಲಿ ಜಾಕೆಟ್ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಸೀರೆ ಉಟ್ಟವರಿಗೆ ತೊಡೆಸಂದಿನ ಪಟ್ಟಿ ಕಟ್ಟಲು ಬರುವುದಿಲ್ಲ. ನನ್ನವಳು ದೋಣಿಯ ದಿನ ಚೂಡಿದಾರ ತೊಡಲು ಒಪ್ಪಿದ್ದು ಈ ಒಂದು ಪಟ್ಟಿಯ ಸಲುವಾಗಿ.

ಆಮೇಲೆ ಬೀಳುವ ಅಭ್ಯಾಸ ಮಾಡಿದೆವು. ಡಿಸೆಂಬರಿನ ಒಂದು ಬೆಳಿಗ್ಗೆ, ಎದೆಮಟ್ಟದ ನೀರಿನಲ್ಲಿ, ದಂಡೆಯ ಮೇಲೆ ಮೀನುಗಾರರ ಹುಡುಗನನ್ನು ನಿಲ್ಲಿಸಿ, ನಾನು ಜಾಕೆಟ್ ಸಮೇತ ನೀರಿಗಿಳಿದು ಕೈಕಾಲು ಬಿಟ್ಟುಬಿಟ್ಟೆ. ದೋಣಿ ತಂದು ನನ್ನನ್ನು ಹತ್ತಿಸಿಕೊಳ್ಳುವುದು ಅವಳ ಕೆಲಸ. ದೋಣಿಯನ್ನೇನೋ ಚೆನ್ನಾಗಿ ತಂದಳು. ಹತ್ತಿರ ಬರುತ್ತಲೇ ಮೋಟಾರು ಆರಿಸಿದಳು, ಪಂಖ ನನ್ನ ಕಾಲಿಗೆ ತಾಗಬಾರದಲ್ಲ. ಆದರೆ ಹತ್ತಿಸಿಕೊಳ್ಳಲು ಆಗಲಿಲ್ಲ. ನೆನೆದ ಬಟ್ಟೆಯ ಎಪ್ಪತ್ತೆರಡು ಕಿಲೋ ಮನುಷ್ಯನನ್ನು ಗಟ್ಟಿ ತರುಣನೂ ದೋಣಿಯ ಅಂಚಿನ ಮೇಲೆ ಎಳೆದುಕೊಳ್ಳಲಾರ. ಪಕ್ಕದಿಂದ ಜಗ್ಗಿದಾಗ ದೋಣಿಯೇ ಇವಳ ಕಡೆ ವಾಲಿತು. "ಹಗ್ಗ ಬಿಡಬ್ಯಾಡ್ರಿ, ಗಟ್ಟಿ ಹಿಡೀರಿ" ಅಂತ ಕೂಗಿದಳು. ಅದು ಅಭ್ಯಾಸ ಅಂತ ಇಬ್ಬರಿಗೂ ಗೊತ್ತಿದ್ದರೂ ಅವಳ ದನಿ ನಡುಗುತ್ತಿತ್ತು.

ದಾರಿ ಸಿಕ್ಕಿದ್ದು ಅವಳಿಗೇ. ಹರಗೋಲಿಗೆ ಎಮ್ಮೆಕರು ಹತ್ತಿಸಲು ಅವಳೂರಿನ ಅಂಬಿಗರು ಹಗ್ಗದ ಮೆಟ್ಟಿಲು ಮಾಡುತ್ತಿದ್ದುದು ನೆನಪಾಯಿತಂತೆ. ಹಿಂಭಾಗದ ಕೊಂಡಿಗೆ ದಪ್ಪ ಹಗ್ಗ ಕಟ್ಟಿ, ನೀರಿನೊಳಗೆ ಎರಡು ಅಡಿ ಇಳಿಬಿಟ್ಟು, ತುದಿಗೆ ಎಷ್ಟು ಭಾರ ಬಿದ್ದರೂ ಬಿಗಿದುಕೊಳ್ಳದ ಕುಣಿಕೆ ಹಾಕಿದಳು. ಕುಣಿಕೆ ಕಾಲಿಗೆ ಸಿಗುವಂತೆ ಬಾಯಿ ತೆರೆದಿರಲಿ ಅಂತ ಅದರೊಳಗೆ ಹಳೆಯ ನೀರಿನ ಪೈಪಿನ ತುಂಡು ಪೋಣಿಸಿದಳು. ನಾನು ಅದರಲ್ಲಿ ಕಾಲಿಟ್ಟು ಎದ್ದು ನಿಂತೆ. ಅವಳು ನನ್ನ ಜಾಕೆಟ್ಟಿನ ಹೆಗಲು ಹಿಡಿದು ತನ್ನ ಮೈಭಾರವನ್ನು ಹಿಂದಕ್ಕೆ ಬಿಟ್ಟಳು, ತೋಳಿನಿಂದ ಎಳೆಯಲಿಲ್ಲ. ಹೊಟ್ಟೆ ಅಂಚಿನ ಮೇಲೆ ಬಂತು, ಉರುಳಿ ಒಳಗೆ ಬಿದ್ದೆ. ಹಿಂಭಾಗದಿಂದ ಹತ್ತಿದ್ದರಿಂದ ದೋಣಿ ಬದಿಗೆ ವಾಲಲಿಲ್ಲ. ಅಂದಿನಿಂದ ಆ ಹಗ್ಗ ಅಲ್ಲೇ ಸುತ್ತಿಟ್ಟಿದೆ. ನೀರಿನಲ್ಲಿದ್ದವನೂ ಕೈ ಚಾಚಿ ಬಿಚ್ಚಿಕೊಳ್ಳಬಹುದು.

ಸೋತ ತೋಳಿನ ಈ ಲೆಕ್ಕ ನಾವು ಹೊಸದಾಗಿ ಕಂಡುಕೊಂಡದ್ದಲ್ಲ. ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿ 1960ರ ದಶಕದ ಕೊನೆಯಲ್ಲಿ, ತಾವೇ ಕಟ್ಟಿದ ಇಪ್ಪತ್ನಾಲ್ಕು ಅಡಿ ಚಿಲ್ಲರೆಯ ಮರದ ಹಾಯಿದೋಣಿ 'ಸೆರಾಫಿನ್'ನಲ್ಲಿ ಹೊರಟು ವರ್ಷಗಟ್ಟಲೆ ಸಮುದ್ರ ಸುತ್ತಿದರು. ದೋಣಿಗೆ ಇಂಜಿನ್ನೇ ಇರಲಿಲ್ಲ. ಲಿನ್ ಐದಡಿಗೂ ಕಡಿಮೆ ಎತ್ತರದವರು, ಆದರೂ ಹಾಯಿ ಏರಿಸಿ ಇಳಿಸಿ ದೋಣಿ ನಡೆಸುವುದು ಇಬ್ಬರ ಕೈಗೂ ಬರುತ್ತಿತ್ತು. ಇನ್ನೂ ಹಿಂದೆ, 1952ರಲ್ಲಿ, ಎರಿಕ್ ಮತ್ತು ಸೂಸನ್ ಹಿಸ್ಕಾಕ್ ಮೂವತ್ತು ಅಡಿಯ 'ವಾಂಡರರ್ 3'ರಲ್ಲಿ ಜಗತ್ತು ಸುತ್ತಲು ಹೊರಟಿದ್ದರು. ನಮ್ಮವರೇ ಆದ ನೌಕಾಪಡೆಯ ದಿಲ್ನಾ ಮತ್ತು ರೂಪಾ 2024ರ ಅಕ್ಟೋಬರ್ 2ರಂದು ಗೋವೆಯಿಂದ 'ತಾರಿಣಿ'ಯಲ್ಲಿ ಹೊರಟು, ಇಬ್ಬರೇ ಭೂಮಿ ಸುತ್ತಿ, 2025ರ ಮೇ 29ರಂದು ಗೋವೆಗೇ ಮರಳಿದರು. ಒಬ್ಬಳು ಮಲಗಿದಾಗ ಇನ್ನೊಬ್ಬಳೇ ಇಡೀ ಹಡಗು. ಅವರ ಸಾಗರಕ್ಕೂ ನಮ್ಮ ಹಿನ್ನೀರಿಗೂ ಹೋಲಿಕೆ ಸಲ್ಲದು, ಆದರೆ ಇಬ್ಬರಿದ್ದಾಗ ಇಬ್ಬರೂ ಪೂರ್ತಿ ನಾವಿಕರಾಗಿರಬೇಕು ಎಂಬುದು ಎರಡೂ ಕಡೆ ಒಂದೇ.

ದುರಸ್ತಿ ನನ್ನ ಕಸುಬು, ಅಲ್ಲಾದರೂ ನಾನು ಮುಂದೆ ಇರಬಹುದು ಅಂತ ತಿಳಿದಿದ್ದೆ. ಎರಡು ವರ್ಷದ ಹಿಂದಿನ ಜನವರಿ ಅದನ್ನೂ ತಿದ್ದಿತು. ಉಜನಿಯ ಕೆಳಗೆ ಹಳ್ಳಿಗಳು ಮುಳುಗಿವೆ. ನೀರು ತೀರ ಇಳಿದ ವರ್ಷ ಪಳಸದೇವದ ಹಳೆಯ ಗುಡಿ ಮೇಲೆದ್ದು ನಿಲ್ಲುತ್ತದೆ, ಜನ ಕಾಲ್ನಡಿಗೆಯಲ್ಲಿ ಹೋಗಿ ಕೈಮುಗಿದು ಬರುತ್ತಾರೆ. ನೀರು ಅರ್ಧ ಇಳಿದಾಗಲೇ ಅಪಾಯ, ಬಾವಿಯ ಕಟ್ಟೆ, ಮನೆಯ ಗೋಡೆ, ಜಾಲಿಯ ಬೊಡ್ಡೆ ಗೇಣುದ್ದ ನೀರಿನ ಕೆಳಗೆ ಕಾಣದೆ ಇರುತ್ತವೆ. ಅಂಥದೊಂದು ಕಲ್ಲಿಗೆ ದೋಣಿ ಉಜ್ಜಿತು. ಕರ್ರ್ ಅಂತ ಸದ್ದು, ಬಲಬದಿಯ ಕೆಳಗೆ ಗೇಣುದ್ದ ಸೀಳು, ಒಳಗೆ ನೀರು.

ನಾನು ಸಾಮಾನಿನ ಪೆಟ್ಟಿಗೆಗೆ ಕೈ ಹಾಕಿದೆ. ಅವಳು ಅದಕ್ಕೂ ಮುಂಚೆ ಎಡಬದಿಗೆ ಸರಿದು ಕೂತು, "ನೀವೂ ಈ ಕಡಿ ಬರ್‍ರಿ" ಅಂದಳು. ಬ್ಯಾಟರಿ, ನೀರಿನ ಕ್ಯಾನು, ಬುತ್ತಿಗಂಟು ಎಲ್ಲವನ್ನೂ ಎಡಕ್ಕೆ ಸರಿಸಿದಳು. ದೋಣಿ ಎಡಕ್ಕೆ ವಾಲಿತು, ಬಲಬದಿಯ ಸೀಳು ಮುಕ್ಕಾಲು ಪಾಲು ನೀರಿನಿಂದ ಮೇಲೆದ್ದಿತು. ಧಾರೆ ಜಿನುಗಾಯಿತು. ಮೂವತ್ತೈದು ವರ್ಷ ಯಂತ್ರ ರಿಪೇರಿ ಮಾಡಿದ ನನಗೆ ಮೊದಲು ಹೊಳೆಯಬೇಕಾದದ್ದು ಅದೇ, ಸೋರಿಕೆ ಮುಚ್ಚುವ ಮುಂಚೆ ಒತ್ತಡ ಇಳಿಸು. ಅವಳು ಎಡಗೈಯಲ್ಲಿ ಕೊಡಪಾನದ ತುಂಡಿನಿಂದ ನೀರು ಮೊಗೆಯುತ್ತಿದ್ದಳು, ನಾನು ಎಂ-ಸೀಲ್ ನಾದಿದೆ. ಎರಡು ಬಣ್ಣದ ಉಂಡೆ ಗೆರೆಯಿಲ್ಲದೆ ಒಂದೇ ಬಣ್ಣ ಬರುವವರೆಗೂ ನಾದಬೇಕು, ಅವಸರ ಮಾಡಿದರೆ ಗಟ್ಟಿಯಾಗುವುದಿಲ್ಲ. ಸೀಳಿನ ಉದ್ದಕ್ಕೂ ಒತ್ತಿ, ಮೇಲೆ ಸೈಕಲ್ ಟ್ಯೂಬಿನ ತುಂಡು ಇಟ್ಟು, ಅದರ ಮೇಲೆ ರೊಟ್ಟಿ ಡಬ್ಬಿಯ ಮುಚ್ಚಳ ಇಟ್ಟು, ಹುಟ್ಟಿನ ಹಿಡಿಯನ್ನು ಎದುರು ಬದಿಗೆ ಊರಿ ಅಡ್ಡಗಟ್ಟಿದೆ. ಅರ್ಧ ಗಂಟೆಯಲ್ಲಿ ದಂಡೆಗೆ ಬಂದೆವು, ದಾರಿಯುದ್ದಕ್ಕೂ ಎಡಕ್ಕೆ ವಾಲಿಕೊಂಡೇ.

ನಿಜವಾದ ದುರಸ್ತಿ ಮುಂದಿನ ವಾರ ದಂಡೆಯಲ್ಲಿ ನಡೆಯಿತು. ದೋಣಿ ಬೋರಲು ಹಾಕಿ ಐದು ದಿನ ಒಣಗಿಸಿದೆವು. ತೇವ ಉಳಿದರೆ ರಾಳ ಹಿಡಿಯುವುದಿಲ್ಲ, ಆರು ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಸೀಳಿನ ಎರಡೂ ಅಂಚನ್ನು ಉಜ್ಜಿ ಇಳಿಜಾರು ಮಾಡಬೇಕು. ಗೋಡೆ ಒಂದು ಬೆರಳು ದಪ್ಪವಿದ್ದರೆ ಇಳಿಜಾರು ಹನ್ನೆರಡು ಬೆರಳು ಅಗಲ. ಬಹಳ ಜನ ಇಲ್ಲೇ ಸೋಮಾರಿತನ ಮಾಡುತ್ತಾರೆ, ಬರೀ ಬಿರುಕಿನ ಮೇಲೆ ಪಟ್ಟಿ ಅಂಟಿಸುತ್ತಾರೆ, ಮುಂದಿನ ಕಲ್ಲಿಗೆ ಅದು ಕಿತ್ತುಬರುತ್ತದೆ. ಗಾಜುನಾರಿನ ಮ್ಯಾಟನ್ನು ಅಳತೆಗೆ ಕತ್ತರಿಸಿ ಒಂದರ ಮೇಲೊಂದು ಹಾಸಿ, ಪ್ರತಿ ಪದರಕ್ಕೂ ರಾಳ ಕುಡಿಸಿ, ಬ್ರಷ್ಷಿನಿಂದ ಕುಟ್ಟಿ ಗಾಳಿಗುಳ್ಳೆ ಓಡಿಸಬೇಕು. ಗುಳ್ಳೆ ಹುಡುಕುವುದರಲ್ಲಿ ಅವಳ ಕಣ್ಣು ನನಗಿಂತ ಚುರುಕು. ಒತ್ತು ಶ್ಯಾವಿಗೆ ಹಿಟ್ಟಿನಲ್ಲಿ ಗಂಟು ಹುಡುಕಿ ರೂಢಿಯಾದ ಕಣ್ಣು.

ಈಗ ಪೆಟ್ಟಿಗೆಯ ಕೀಲಿ ಅವಳ ಹತ್ತಿರ ಇರುತ್ತದೆ. ಅದರಲ್ಲಿರುವುದು ಹೆಚ್ಚೇನಲ್ಲ: ಎಂ-ಸೀಲ್ ಎರಡು, ಮರದ ಬಿರಡೆಗಳು, ಟ್ಯೂಬಿನ ತುಂಡು, ಇಕ್ಕಳ, ಚಾಕು, ಫ್ಯೂಸ್‌ಗಳು, ನಮ್ಮಿಬ್ಬರ ಮಾತ್ರೆಗಳ ಒಂದು ದಿನದ ಹೆಚ್ಚುವರಿ, ಒಂದು ಸೀಟಿ. ಮೋಟಾರಿನ ಪಂಖ ಹಿಡಿದಿಡುವ ಸಣ್ಣ ಪಿನ್ನುಗಳು ಆರು. ಪುಣೆಯ ಕೊಳಚೆ ಉಂಡು ಬೆಳೆದ ಅಂತರಗಂಗೆ, ಮರಾಠಿಯವರು ಜಲಪರ್ಣಿ ಅನ್ನುತ್ತಾರೆ, ಉಜನಿಯಲ್ಲಿ ಹಾಸಿ ಬಿದ್ದಿರುತ್ತದೆ. ಅದರ ಬೇರೋ ಹರಿದ ನೈಲಾನ್ ಬಲೆಯೋ ಪಂಖಕ್ಕೆ ಸುತ್ತಿಕೊಂಡರೆ, ಮೋಟಾರು ಉಳಿಯಲಿ ಅಂತ ಆ ಪಿನ್ನು ತಾನು ಮುರಿಯುತ್ತದೆ. ಮೋಟಾರಿನ ತಂತಿ ತೆಗೆದು, ಪಂಖ ಬಿಡಿಸಿ, ಹೊಸ ಪಿನ್ನು ಹಾಕಲು ಅವಳಿಗೆ ಈಗ ನಾಲ್ಕು ನಿಮಿಷ ಸಾಕು. ಎಡಗೈ ಒಂದರಿಂದಲೇ.

ಅಭಿಲಾಷ್ ಟೋಮಿ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಒಬ್ಬರೇ ಸಾಗರ ಸುತ್ತುವಾಗ ತಾನೇ ದಿಕ್ಕು ಹಿಡಿಯುವ ಸಾಧನ ಮುರಿದು, ಶೌಚಾಲಯದ ಬಾಗಿಲನ್ನೇ ಕತ್ತರಿಸಿ ಅದಕ್ಕೆ ಹಲಗೆ ಮಾಡಿಕೊಂಡರು. 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಗುರಿ ಮುಟ್ಟಿದರು. ಇದನ್ನು ಓದಿ ಹೇಳಿದಾಗ ನನ್ನವಳು, "ನಮ್ಮ ಡಬ್ಬಿ ಮುಚ್ಚಳನೂ ಅದ ಕೆಲಸ ಮಾಡ್ತಲ್ರಿ" ಅಂದಳು. ಆ ಮುಚ್ಚಳವನ್ನು ನಾವು ಬದಲಾಯಿಸಿಲ್ಲ. ಸೊಟ್ಟಗಾಗಿದೆ, ಆದರೂ ರೊಟ್ಟಿ ಅದರಲ್ಲೇ ಒಯ್ಯುತ್ತೇವೆ.

ನಿವೃತ್ತರಾಗಿ ನೀರಿನ ಮೇಲೆ ಹೋಗುವ ಆಸೆಯಿರುವ ಗಂಡಹೆಂಡಿರು ನಮ್ಮ ಕನ್ನಡಿಗರಲ್ಲಿ, ಪುಣೆಯಲ್ಲೂ ಊರಲ್ಲೂ, ಇದ್ದೇ ಇದ್ದಾರೆ. ಅವರಿಗೆ ನನ್ನದೊಂದು ಬೇಡಿಕೆ. ಮೊದಲ ದಿನ ಗಂಡಂದಿರು ದೋಣಿಯ ನಡುವೆ ಸುಮ್ಮನೆ ಕೂತುಬಿಡಿ. ಮಾತಾಡಬೇಡಿ, ಕೈ ಮುಂದೆ ಮಾಡಬೇಡಿ. ದಂಡೆಯಿಂದ ಹೊರಟು ದಂಡೆಗೆ ಮರಳುವವರೆಗೂ ದೋಣಿಯನ್ನು ಹೆಂಡಿರೇ ನಡೆಸಲಿ. ಎಲ್ಲೆಲ್ಲಿ ಅವರ ಕೈ ನಿಂತಿತೋ ಅದನ್ನೆಲ್ಲ ಬರೆದುಕೊಳ್ಳಿ. ಅಷ್ಟನ್ನೂ ಸರಿಪಡಿಸಿದ ಮೇಲೆ ಎರಡನೆಯ ಸಲ ನೀರಿಗಿಳಿಯಿರಿ.